ಮುಳುಗಿದ ರಾಡು, ಒಂದೂವರೆ ಇಂಚಿನ ಪೈಪು: ಕಯಾಕಿಗೆ ರಾಡ್ ಹೋಲ್ಡರ್ ಕಟ್ಟಿದ ಪ್ರಕರಣ

ಉಡುಪಿ ಹತ್ತಿರದ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಒಂದು ಸಂಜೆ ಕಯಾಕಿನಲ್ಲಿ, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಯಲ್ಲಿ ಕೂತಿದ್ದಾಗ ನನ್ನ ಗಾಳದ ರಾಡು, ದಾರ ಸುತ್ತುವ ರೀಲು, ಅವನ್ನು ಹಿಡಿದುಕೊಂಡಿದ್ದ ಹೋಲ್ಡರ್ ಮೂರೂ ಒಟ್ಟಿಗೆ ನೀರುಪಾಲಾದವು. ‘ಟಪ್’ ಅಂತ ಒಂದೇ ಶಬ್ದ. ಹುಟ್ಟು ಮಡಿಲಲ್ಲಿಟ್ಟು ಕೈ ಚಾಚುವಷ್ಟರಲ್ಲಿ ರಾಡಿನ ಬುಡ ಒಮ್ಮೆ ಮೇಲೆದ್ದು ಕಂಡಿತು. ಆಮೇಲೆ ಅದೂ ಇಲ್ಲ. ಸುವರ್ಣಾ, ಸೀತಾ ಎರಡೂ ನದಿಗಳು ಸಮುದ್ರ ಸೇರುವ ಜಾಗ ಅದು. ಇಳಿತದ ಹೊತ್ತಿನಲ್ಲಿ ನೀರಿನ ಸೆಳೆತ ಜೋರು. ಹುಡುಕುವ ಮಾತೇ ಇರಲಿಲ್ಲ.

ದಡಕ್ಕೆ ಬಂದು ನೋಡಿದೆ. ಹೋಲ್ಡರ್ ಕೂತಿದ್ದ ಜಾಗದಲ್ಲಿ ಎಪಾಕ್ಸಿ ಅಂಟಿನ ಒಂದು ಚೂರೂ ಉಳಿದಿರಲಿಲ್ಲ. ಕಾದ ಕಾವಲಿಯಿಂದ ದೋಸೆ ಎದ್ದ ಹಾಗೆ, ಅಂಚು ಕೂಡ ಹರಿಯದೆ ನುಣ್ಣಗೆ ಎದ್ದು ಹೋಗಿತ್ತು.

ಆ ಹೋಲ್ಡರ್ ಮಾಡಿದ್ದು ನಾನೇ. ಇದು ಅದರ ಕತೆ, ಆಮೇಲೆ ಮಾಡಿದ ಇನ್ನೂ ಮೂರರ ಕತೆ. ಮನೆಯಲ್ಲಿ ಹೋಲ್ಡರ್ ಮಾಡಲು ಹೊರಟವರೆಲ್ಲ ಪೈಪಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟು ಇಂಚು, ಯಾವ ಬಣ್ಣ, ಎಷ್ಟು ಉದ್ದ ಅಂತ. ನನ್ನ ನಾಲ್ಕರಲ್ಲಿ ಒಂದು ಸಲವೂ ಪೈಪ್ ಮುರಿಯಲಿಲ್ಲ. ಕೈಕೊಟ್ಟಿದ್ದು ಯಾವಾಗಲೂ ಪೈಪೂ ದೋಣಿಯೂ ಸೇರುವ ಜಾಗ.

ದೋಣಿ ಯಾವುದು, ಬೇಕಾಗಿದ್ದು ಏನು

ನನ್ನದು 10 ಅಡಿಯ, ಮೇಲೆ ಕೂತು ಹೋಗುವ ಮಾದರಿಯ ಸೆಕೆಂಡ್ ಹ್ಯಾಂಡ್ ಕಯಾಕ್. ಅಗಲ ಮುಕ್ಕಾಲು ಮೀಟರ್. ಸೀಟಿನ ಹಿಂದೆ ಎರಡು ಹೋಲ್ಡರ್ ಮೊದಲೇ ಇದ್ದವು, ಡೆಕ್ಕಿನ (ದೋಣಿಯ ಮೇಲ್ಮೈಯ) ಒಳಗೆ ಇಳಿದ ಎರಡು ಕೊಳವೆ. ಗಟ್ಟಿಯೇನೋ ಹೌದು. ಆದರೆ ಹಿಂದೆ ಇರುವ ರಾಡಿನ ತುದಿ ಅಲ್ಲಾಡಿದರೆ ಗೊತ್ತಾಗುವುದಿಲ್ಲ. ಮೀನು ಸಿಕ್ಕಿದ ಮೇಲೆ ಸೊಂಟ ತಿರುಗಿಸಿ ಹಿಂದಕ್ಕೆ ಕೈ ಹಾಕಬೇಕು. ಮುಕ್ಕಾಲು ಮೀಟರ್ ಅಗಲದ ದೋಣಿಯಲ್ಲಿ ಸೊಂಟ ತಿರುಗಿಸುವುದು ಎಂದರೆ ಈಜಲು ಅರ್ಧ ಒಪ್ಪಿಕೊಂಡ ಹಾಗೆ. ಅದಕ್ಕೇ ಕಣ್ಣ ಮುಂದೆ, ಮೊಣಕಾಲಿನ ಹತ್ತಿರ ಒಂದು ಹೋಲ್ಡರ್ ಬೇಕಿತ್ತು. ನಿಧಾನ ಹುಟ್ಟು ಹಾಕುತ್ತಾ ಹಿಂದೆ ಲೂರ್ (ಮೀನಿನಂತೆ ಕಾಣುವ ನಕಲಿ ಎರೆ) ಎಳೆದುಕೊಂಡು ಹೋದರೆ ಉಪ್ಪುನೀರಿನ ಕಾಂಡ್ಲಾ ಮರಗಳ ಬೇರುಗಳ ಅಂಚಿನಲ್ಲಿ ಕೆಂಬೇರಿ ಮೀನು ಸಿಗುವ ಆಸೆ.

ಇಲ್ಲಿನ ಪಾತಿ ದೋಣಿಯವರಿಗೆ ಈ ತಲೆಬಿಸಿ ಇಲ್ಲ. ಗಾಳದ ದಾರವನ್ನು ಕಾಲಿನ ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿಕೊಂಡು ಹುಟ್ಟು ಹಾಕುವವರನ್ನು ನೋಡಿದ್ದೇನೆ. ಮೀನು ಕಚ್ಚಿದರೆ ಬೆರಳಿಗೇ ಸುದ್ದಿ. ನಾನೂ ಒಮ್ಮೆ ಮಾಡಿ ನೋಡಿದೆ. ಆ ತೆಳು ಹೆಣೆದ ದಾರ ಚರ್ಮ ಕೊಯ್ಯುತ್ತದೆ. ಬೇಡ.

ಕೆನಡಾದ ಸ್ಕಾಟಿ, ನ್ಯೂಜಿಲೆಂಡಿನ ರೇಲ್‌ಬ್ಲೇಜಾ ಅಂತ ಕಂಪನಿಗಳು ಚೆಂದದ ಹೋಲ್ಡರ್ ಮಾಡುತ್ತವೆ. ತರಿಸಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ದುಡ್ಡಿಗಿಂತ ಜಾಸ್ತಿ ಹಟ. ಒಂದು ತುಂಡು ಪೈಪು, ಅದನ್ನು ಮಾಡಲಾಗದಿದ್ದರೆ ಹೇಗೆ?

ಮೊದಲನೆಯದು: ಅಂಟು

ಪೈಪಿನ ತುಂಡು ಕತ್ತರಿಸಿ ಬುಡಕ್ಕೆ ಒಂದು ಚಪ್ಪಟೆ ತುಂಡು ಸೇರಿಸಿದೆ. ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿಯಿಂದ ಡೆಕ್ಕಿಗೆ ಕೂರಿಸಿದೆ. ಒಂದು ದಿನ ಒಣಗಲು ಬಿಟ್ಟು ಕೈಯಿಂದ ಅಲ್ಲಾಡಿಸಿದರೆ ಕಲ್ಲಿನಂತಿತ್ತು. ಎರಡು ಸಲ ನೀರಿಗೆ ಹೋಗಿ ಬಂತು. ಮೂರನೆಯ ಸಲ ವಾಪಸ್ ಬರಲಿಲ್ಲ.

ತಪ್ಪು ಎಪಾಕ್ಸಿಯದ್ದಲ್ಲ. ಇಂಥ ಕಯಾಕುಗಳನ್ನು ಪಾಲಿಥೀನ್ ಪುಡಿಯನ್ನು ಬಿಸಿ ಅಚ್ಚಿನಲ್ಲಿ ತಿರುಗಿಸಿ ಮಾಡುತ್ತಾರೆ. ಮನೆಯ ನೀರಿನ ಟ್ಯಾಂಕ್ ಮಾಡುವುದೂ ಹಾಗೆಯೇ. ಪಾಲಿಥೀನಿನ ಮೇಲ್ಮೈ ಸಾಮಾನ್ಯ ಅಂಟುಗಳನ್ನು ಹತ್ತಿರ ಸೇರಿಸುವುದಿಲ್ಲ. ಅಂಟು ಅದರ ಮೇಲೆ ಹರಡಿ ಹಿಡಿಯುವ ಬದಲು, ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ನಿಂತ ಹಾಗೆ ನಿಲ್ಲುತ್ತದೆ. ಒಣಗಿದಾಗ ಗಟ್ಟಿ ಅನ್ನಿಸುವುದು ಅಂಟಿನ ಗಟ್ಟಿತನ, ಹಿಡಿತದ್ದಲ್ಲ. ಬಿಸಿಲಿಗೆ ಪಾಲಿಥೀನ್ ಹಿಗ್ಗುತ್ತದೆ, ಎಪಾಕ್ಸಿ ಅಷ್ಟು ಹಿಗ್ಗುವುದಿಲ್ಲ. ಅಲ್ಲಿಗೆ ಮುಗಿಯಿತು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹಿಂದೆ ಬೀದಿಯಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್ ರಿಪೇರಿ ಮಾಡುವವರು ಬರುತ್ತಿದ್ದರಲ್ಲ, ಅವರು ಯಾವತ್ತಾದರೂ ಅಂಟು ಹಚ್ಚಿದ್ದು ನೋಡಿದ್ದೀರಾ? ಕಬ್ಬಿಣ ಕಾಯಿಸಿ, ಅದೇ ಜಾತಿಯ ಪ್ಲಾಸ್ಟಿಕ್ ಚೂರನ್ನು ಕರಗಿಸಿ ಬೆಸೆಯುತ್ತಿದ್ದರು. ಅವರಿಗೆ ಗೊತ್ತಿತ್ತು.

ಎರಡನೆಯದು: ಸ್ಕ್ರೂ

ಅಂಟು ಆಗಲಿಲ್ಲ ಎಂದಮೇಲೆ ಯಾರಿಗಾದರೂ ತೋಚುವುದು ಸ್ಕ್ರೂ. ಅದೇ ಜಾಗದಲ್ಲಿ ನಾಲ್ಕು ಸ್ಕ್ರೂ ಹೊಡೆದೆ, ತಾವೇ ದಾರಿ ಕೊರೆದುಕೊಳ್ಳುವ ಜಾತಿಯವು. ಅಡಿಗೆ ಸಿಲಿಕೋನ್ ಹಚ್ಚಿದೆ. ಈ ಸಲ ಹೊಸ ರಾಡು, ಸ್ವಲ್ಪ ಅಗ್ಗದ್ದು.

ಮೂರೋ ನಾಲ್ಕೋ ಸಲ ಹೋಗಿ ಬಂದ ಮೇಲೆ ದೋಣಿ ಯಾಕೋ ಭಾರ ಅನ್ನಿಸಿತು. ಹುಟ್ಟು ಹಾಕಿದರೂ ಮುಂದೆ ಸಾಗುತ್ತಿಲ್ಲ. ಪಕ್ಕಕ್ಕೆ ವಾಲಿದರೆ ಹೊಟ್ಟೆಯೊಳಗೆ ಗುಳುಗುಳು ಸದ್ದು. ಒಂದು ಕುದ್ರುವಿನ (ನದಿಯ ನಡುಗಡ್ಡೆಯ) ದಡಕ್ಕೆ ಹತ್ತಿಸಿ ಹಿಂಬದಿಯ ಬಿರಡೆ ತೆಗೆದೆ. ಬಕೆಟ್ ತುಂಬುವಷ್ಟು ಉಪ್ಪುನೀರು ಬಂತು. ಹೋಲ್ಡರ್ ಮುಟ್ಟಿದರೆ ಅಲುಗಾಡುತ್ತಿತ್ತು. ಒಂದು ಸ್ಕ್ರೂ ಕಾಣೆಯಾಗಿತ್ತು, ಇನ್ನೊಂದು ಅರ್ಧ ಎದ್ದಿತ್ತು. ಪ್ರತಿ ಅಲೆಗೂ ಆ ತೂತುಗಳಿಂದ ಸ್ವಲ್ಪ ಸ್ವಲ್ಪವೇ ನೀರು ಒಳಗೆ ಇಳಿದಿತ್ತು.

ಈ ಸಲ ಮನೆಗೆ ಬಂದು ಪೆನ್ನು ಹಿಡಿದು ಕೂತೆ. ಲೆಕ್ಕ ದೊಡ್ಡದೇನಲ್ಲ. ರಾಡು 7 ಅಡಿ, ಅಂದರೆ 2.1 ಮೀಟರ್. ಮೀನು ಎಳೆದಾಗ ಬಾಗುತ್ತದೆ, ಹಾಗಾಗಿ ಬುಡದಿಂದ ತುದಿಗೆ 1.5 ಮೀಟರ್ ಹಿಡಿಯೋಣ. ತುದಿಯಲ್ಲಿ 3 ಕೆಜಿ ಎಳೆತ. ಎರಡನ್ನೂ ಗುಣಿಸಿದರೆ 4.5. ಇದನ್ನು ತಡೆಯಬೇಕಾದದ್ದು ಬುಡದ ಸ್ಕ್ರೂಗಳು. ಅವುಗಳ ನಡುವೆ ನಾನು ಬಿಟ್ಟಿದ್ದ ಅಂತರ 5 ಸೆಂ.ಮೀ., ಅಂದರೆ 0.05 ಮೀಟರ್. 4.5 ಅನ್ನು 0.05ರಿಂದ ಭಾಗಿಸಿದರೆ 90. ಅಂದರೆ ಒಂದು ಬದಿಯ ಎರಡು ಸ್ಕ್ರೂ ಸೇರಿ 90 ಕೆಜಿ ತಡೆಯಬೇಕು. ಎರಡು ಸಿಮೆಂಟ್ ಮೂಟೆಗೆ ಹತ್ತು ಕೆಜಿ ಕಮ್ಮಿ! ಅದೂ ಐದಾರು ಮಿಲಿಮೀಟರ್ ದಪ್ಪದ ಮೆತ್ತನೆ ಪ್ಲಾಸ್ಟಿಕ್ಕಿನಲ್ಲಿ.

ಕಲ್ಲು ಎಬ್ಬಿಸಲು ಹಾರೆ ಹಾಕುವುದು ಇದೇ ಲೆಕ್ಕದಲ್ಲಿ ಅಲ್ವಾ. ನಾನು ನನ್ನ ದೋಣಿಗೇ ಹಾರೆ ಹಾಕಿದ್ದೆ.

ಲೆಕ್ಕ ಕಣ್ಣ ಮುಂದೆ ಬಂದ ಮೇಲೆ ಸೀಟಿನ ಹಿಂದಿನ ಹೋಲ್ಡರುಗಳು ಯಾಕೆ ಗಟ್ಟಿ ಎಂಬುದೂ ಅರ್ಥವಾಯಿತು. ಅಲ್ಲಿ ಕೊಳವೆ ಒಂದು ಗೇಣು ಒಳಗೆ ಇಳಿದಿರುತ್ತದೆ. ಎಳೆತ ಬಿದ್ದಾಗ ಸ್ಕ್ರೂಗೆ ಕೆಲಸವೇ ಕಮ್ಮಿ, ದೋಣಿಯ ಗೋಡೆಯೇ ತಡೆಯುತ್ತದೆ. ಹಾಗಾದರೆ ಮಾಡಬೇಕಾದದ್ದು ಇಷ್ಟೇ: ಬುಡ ಅಗಲವಾಗಬೇಕು.

ಮೂರನೆಯದು: ಮೀನಿನ ಕ್ರೇಟು

ಅಷ್ಟೊತ್ತಿಗೆ ಮಳೆಗಾಲ ಬಂತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕಯಾಕಿಗೆ ಎಂಜಿನ್ ಇಲ್ಲ, ಆದರೆ ತುಂಬಿ ಹರಿಯುವ ಅಳಿವೆಗೆ ಇಳಿಯುವಷ್ಟು ಹುಚ್ಚು ನನಗಿಲ್ಲ. ಸುಮ್ನೆ ಕೂರುವ ಬದಲು ಜಗಲಿಯಲ್ಲಿ ಕೆಲಸ ಶುರುಮಾಡಿದೆ.

ದೋಣಿಗೆ ಇನ್ನು ತೂತು ಮಾಡಬಾರದು ಅಂತ ತೀರ್ಮಾನ. ಸೀಟಿನ ಹಿಂದೆ ಸಾಮಾನು ಇಡುವ ತಗ್ಗು ಜಾಗ ಇದೆ, ಅದರ ನಾಲ್ಕು ಮೂಲೆಗೆ ಹಗ್ಗದ ಕೊಂಡಿ ಮೊದಲೇ ಇದೆ. ಅಲ್ಲಿಗೆ ಒಂದು ಪ್ಲಾಸ್ಟಿಕ್ ಕ್ರೇಟು, ಕ್ರೇಟಿಗೆ ಪೈಪು. ಮಲ್ಪೆ ಕಡೆ ಹಳೆಯ ಮೀನಿನ ಕ್ರೇಟಿಗೇನು ಬರ. ಒಂದು ತಂದು ಮೂರು ಸಲ ಸೋಪು ಹಾಕಿ ತೊಳೆದೆ. ವಾಸನೆ ಮಾತ್ರ ಇವತ್ತಿಗೂ ಪೂರ್ತಿ ಹೋಗಿಲ್ಲ.

ಪೈಪ್ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ತೋಟಕ್ಕೆ ಹಾಕುವ ಬೂದು ಪೈಪು ಬೇರೆ, ಮನೆಯ ನಲ್ಲಿಗೆ ಹಾಕುವ ದಪ್ಪ ಗೋಡೆಯ ಬಿಳಿ ಪೈಪು ಬೇರೆ. ಬಿಳಿ ಒಂದೂವರೆ ಇಂಚಿನದು ತೆಗೆದುಕೊಂಡೆ. ಹೊರಗಿನ ಅಳತೆ 48 ಮಿ.ಮೀ., ಒಳಗೆ ಹೆಚ್ಚುಕಮ್ಮಿ 40. ನನ್ನ ರಾಡಿನ ಹಿಡಿಕೆ 28 ಮಿ.ಮೀ. ಇರುವುದರಿಂದ ಆರಾಮಾಗಿ ಇಳಿಯುತ್ತದೆ. ಎರಡು ಇಂಚಿನದು ಮೊದಲು ತಂದಿದ್ದೆ. ಅದರೊಳಗೆ ರಾಡು ಒನಕೆಯ ಹಾಗೆ ಲಟಲಟ ಅನ್ನುತ್ತದೆ, ಅಲೆಗೆ ತಿರುಗಿ ರೀಲು ಪಕ್ಕಕ್ಕೆ ಬೀಳುತ್ತದೆ. ಅದು ಈಗ ನಮ್ಮ ಮನೆಯಲ್ಲಿ ಕೊಡೆ ಇಡುವ ಕೊಳವೆ.

35 ಸೆಂ.ಮೀ.ನ ಮೂರು ತುಂಡು ಕತ್ತರಿಸಿದೆ. ಬಾಯಲ್ಲಿ ಒಂದು ಸೀಳು ಬೇಕು, ರೀಲಿನ ಕಾಲು ಅದರೊಳಗೆ ಕೂರಲು. ಸೀಳು ಇದ್ದರೆ ರಾಡು ತಿರುಗುವುದಿಲ್ಲ. ಅಗಲ 20 ಮಿ.ಮೀ., ಆಳ 6 ಸೆಂ.ಮೀ. ಇಲ್ಲೊಂದು ಗುಟ್ಟು: ಸೀಳಿನ ಕೊನೆ ಬರುವ ಜಾಗದಲ್ಲಿ ಮೊದಲು ಡ್ರಿಲ್ಲಿನಿಂದ ದುಂಡು ತೂತು ಮಾಡಿ, ಆಮೇಲೆ ಬಾಯಿಂದ ಅಲ್ಲಿಯವರೆಗೆ ಗರಗಸ ಹಾಕಿ. ಚೌಕ ಮೂಲೆ ಬಿಟ್ಟರೆ ಬಿರುಕು ಶುರುವಾಗುವುದೇ ಅಲ್ಲಿಂದ. ಇನ್ನೊಂದು ವಿಷಯ. ನನ್ನ ಥರದ ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ನೇತಾಡುತ್ತದೆ, ಬೇಟ್‌ಕಾಸ್ಟರ್ ಎಂಬ ಇನ್ನೊಂದು ಜಾತಿಯ ರೀಲು ರಾಡಿನ ಮೇಲೆ ಕೂರುತ್ತದೆ. ಸೀಳು ಯಾವ ಕಡೆ ಬರಬೇಕು ಅಂತ ರಾಡು ಕೈಯಲ್ಲಿ ಹಿಡಿದೇ ಗುರುತು ಹಾಕಬೇಕು. ನಾನು ಮೊದಲ ತುಂಡಿನಲ್ಲಿ ತಲೆಕೆಳಗು ಮಾಡಿದೆ.

ಬಾಯಿ ಸ್ವಲ್ಪ ಅರಳಿದ್ದರೆ ಕತ್ತಲಲ್ಲಿ ರಾಡು ಇಳಿಸಲು ಸುಲಭ. ಗ್ಯಾಸ್ ಒಲೆಯ ಉರಿಗೆ ಹಿಡಿದೆ, ದೊಡ್ಡ ತಪ್ಪು. ಪೈಪು ಕಪ್ಪಾಗಿ ಮೂಗು ಉರಿಯುವ ಹೊಗೆ ಬಂತು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಅಡುಗೆಮನೆಯಲ್ಲಿ ಆಡುವ ಆಟ ಅಲ್ಲ. ಬೇಕಾಗಿಯೂ ಇಲ್ಲ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಅದಕ್ಕೆ ಕುದಿಯುವ ನೀರೇ ಸಾಕು. ಪಾತ್ರೆಯ ತುಂಬ ನೀರು ಕುದಿಸಿ ಪೈಪಿನ ಬಾಯಿ ಎರಡು ಮೂರು ನಿಮಿಷ ಅದ್ದಿಟ್ಟೆ. ಆಮೇಲೆ ಗಾಜಿನ ಸೋಡಾ ಬಾಟಲಿಯ ಕತ್ತನ್ನು ಒಳಗೆ ತುರುಕಿ ಭುಜದವರೆಗೆ ಒತ್ತಿದೆ. ತಣ್ಣೀರು ಸುರಿದರೆ ಆ ಆಕಾರಕ್ಕೇ ನಿಂತಿತು, ತುತ್ತೂರಿಯ ಬಾಯಿಯ ಹಾಗೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ಕೆಳಗಡೆ ಮುಚ್ಚಳ ಹಾಕಲಿಲ್ಲ. ತುದಿಯಿಂದ 3 ಸೆಂ.ಮೀ. ಮೇಲೆ ಅಡ್ಡಕ್ಕೆ ಒಂದು 6 ಮಿ.ಮೀ. ಬೋಲ್ಟ್. ರಾಡಿನ ಬುಡ ಅದರ ಮೇಲೆ ನಿಲ್ಲುತ್ತದೆ, ನೀರು, ಮರಳು ಕೆಳಗೆ ಹೋಗುತ್ತವೆ.

ಪ್ರತಿ ಪೈಪನ್ನೂ ಕ್ರೇಟಿನ ಹೊರಮೈಗೆ ಎರಡು ಬೋಲ್ಟಿನಿಂದ ಹಿಡಿಸಿದೆ, ಒಳಗಡೆ ಅಗಲ ವಾಷರ್. ಎರಡು ಪೈಪಿಗೆ ಮೇಲಿನ ಬೋಲ್ಟಿನ ಹಿಂದೆ ಪೈಪಿನದೇ ಸಣ್ಣ ತುಂಡು ಕೊಟ್ಟಾಗ ಅವು ಹೊರಕ್ಕೆ ವಾಲಿದವು. ಬೋಲ್ಟ್ ಸ್ಟೇನ್‌ಲೆಸ್ ಇರಲಿ. ಅದರಲ್ಲೂ 304 ದರ್ಜೆಗಿಂತ 316 ದರ್ಜೆಯದು ಉಪ್ಪುನೀರಿಗೆ ವಾಸಿ. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುತ್ತದೆ, ಉಪ್ಪು ಕೊರೆಯುವುದನ್ನು ತಡೆಯುವುದು ಅದು. ಮೊದಲು ಬೋಲ್ಟಿನ ಬದಲು ಬಿಳಿ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿದ್ದೆ. ಬಿಸಿಲಿಗೆ ಹಪ್ಪಳದ ಹಾಗೆ ಮುರಿದವು. ಟೈ ಹಾಕಲೇಬೇಕಿದ್ದರೆ ಬಿಸಿಲು ತಾಳುವ ಕಪ್ಪಗಿನದು ಹಾಕಿ.

ಕ್ರೇಟನ್ನು ಕಟ್ಟುವುದರಲ್ಲೂ ಒಂದು ಪಾಠ ಆಯಿತು. ಎಳೆದರೆ ಹಿಗ್ಗುವ ಬಂಜಿ ಹಗ್ಗದಿಂದ ಕಟ್ಟಿ ಅಂಗಳದಲ್ಲಿ ರಾಡಿನ ತುದಿ ಎಳೆದು ನೋಡಿದೆ. ಕ್ರೇಟು ಒಂದು ಬದಿಗೆ ಎದ್ದು ನಿಂತಿತು. ಹಿಗ್ಗುವುದೇ ಅದರ ಕೆಲಸ, ಅದು ಹಿಗ್ಗಿತು. ಬಂಜಿ ಬಿಚ್ಚಿ 6 ಮಿ.ಮೀ. ಹಗ್ಗ ಹಾಕಿದೆ, ಲಾರಿಯವರು ಲೋಡ್ ಬಿಗಿಯುತ್ತಾರಲ್ಲ, ಆ ಗಂಟು. ಆಮೇಲೆ ಮಿಸುಕಾಡಲಿಲ್ಲ. ಲೆಕ್ಕವೂ ಒಪ್ಪಿತು. ಕ್ರೇಟಿನ ಅಗಲ 35 ಸೆಂ.ಮೀ., 4.5 ಅನ್ನು 0.35ರಿಂದ ಭಾಗಿಸಿದರೆ 13 ಕೆಜಿ ಹತ್ತಿರ. 90 ಎಲ್ಲಿ, 13 ಎಲ್ಲಿ!

ಆಗಸ್ಟ್ ಕಳೆದು ನೀರು ತಿಳಿಯಾದ ಮೇಲೆ ಇಳಿದೆ. ಹೋಲ್ಡರ್ ಅಲುಗಲಿಲ್ಲ. ತೊಂದರೆ ಬಂದದ್ದು ಮೇಲಿಂದ. ಕಾಂಡ್ಲಾ ಮರಗಳ ನಡುವಿನ ಸಣ್ಣ ಕಾಲುವೆಗೆ ನುಗ್ಗಿದಾಗ ಹಿಂದೆ ನೆಟ್ಟಗೆ ನಿಂತ ಎರಡು ರಾಡೂ ಕೊಂಬೆಗೆ ಸಿಕ್ಕಿದವು. ದೋಣಿ ಮುಂದೆ ಹೋಗುತ್ತಿದೆ, ರಾಡು ಬರುವುದಿಲ್ಲ ಅನ್ನುತ್ತಿದೆ, ನನ್ನ ಕೈಯಲ್ಲಿ ಹುಟ್ಟು. ಹೇಗೋ ಹಿಂದಕ್ಕೆ ಸರಿದು ಬಿಡಿಸಿಕೊಂಡೆ. ಈಗ ಕಾಲುವೆಗೆ ಹೋಗುವಾಗ ರಾಡು ತೆಗೆದು ಕಾಲಿನ ಮಧ್ಯೆ ಮಲಗಿಸುತ್ತೇನೆ. ಅಕ್ಟೋಬರಿನ ಗುಡುಗಿನ ಸಂಜೆಗಳಲ್ಲೂ ಅಷ್ಟೇ. ಕಾರ್ಬನ್ ರಾಡು ವಿದ್ಯುತ್ ಹರಿಸುತ್ತದೆ, ಬಯಲು ನೀರಿನ ಮೇಲೆ ಅದನ್ನು ನೆಟ್ಟು ಕೂರುವುದು ಯಾಕೆ? ಮೋಡ ಗುಡುಗಿದರೆ ಮೊದಲು ದಡ, ರಾಡಿನ ಮಾತು ಆಮೇಲೆ.

ನಾಲ್ಕನೆಯದು: ತರಕಾರಿ ಮಣೆ

ಕ್ರೇಟು ಒಯ್ಯಲು, ಹಿಂದೆ ಎಳೆದುಕೊಂಡು ಹೋಗಲು ಸರಿ. ಆದರೆ ಮುಂದಿನ ಹೋಲ್ಡರಿನ ಆಸೆ ಹಾಗೇ ಇತ್ತು. ಹಳೆಯ ನಾಲ್ಕು ತೂತುಗಳೂ ಟೇಪು ಅಂಟಿಸಿಕೊಂಡು ನನ್ನನ್ನೇ ನೋಡುತ್ತಿದ್ದವು. ಅವು ಮಧ್ಯದ ಮುಚ್ಚಳದ ಹತ್ತಿರವೇ ಇವೆ. ಮುಚ್ಚಳ ತೆಗೆದರೆ ಕೈ ಒಳಗಿನಿಂದ ಅಲ್ಲಿಗೆ ಮುಟ್ಟುತ್ತದೆ. ಕೈ ಮುಟ್ಟುತ್ತದೆ ಅಂದರೆ ಸ್ಕ್ರೂ ಬದಲು ನಟ್ಟು ಬೋಲ್ಟು ಹಾಕಬಹುದು, ಒಳಗಡೆ ಒಂದು ಹಲಗೆ ಕೊಡಬಹುದು.

ಹಲಗೆ ಯಾವುದು? ಮರ ನೀರು ಕುಡಿಯುತ್ತದೆ. ಕಬ್ಬಿಣ ತುಕ್ಕು. ಅಡುಗೆಮನೆಯಲ್ಲಿ ತರಕಾರಿ ಕತ್ತರಿಸುವ ಬಿಳಿ ಪ್ಲಾಸ್ಟಿಕ್ ಮಣೆ ಕಣ್ಣಿಗೆ ಬಿತ್ತು. ಅದೂ ಪಾಲಿಥೀನೇ, 10 ಮಿ.ಮೀ. ದಪ್ಪ, ನೀರಿಗೆ ಜಪ್ಪಯ್ಯ ಅನ್ನುವುದಿಲ್ಲ. (ಮನೆಯದನ್ನು ಮುಟ್ಟಲಿಲ್ಲ. ಹೊಸದು ತಂದೆ. ಮುಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ.) ಅದರಿಂದ 15 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಮೂರು ತುಂಡು ಮಾಡಿದೆ. ಎರಡು ಡೆಕ್ಕಿನ ಮೇಲೆ, ಒಂದು ಡೆಕ್ಕಿನ ಅಡಿಗೆ.

ಮಣೆಗೆ ಪೈಪ್ ಹಿಡಿಸುವುದು ಹೇಗೆ? ಪಿವಿಸಿ ಅಂಟು ಪಿವಿಸಿಯನ್ನು ಕರಗಿಸಿ ಬೆಸೆಯುತ್ತದೆ, ಪಾಲಿಥೀನ್ ಮಣೆಗೆ ಅಂಟುವುದಿಲ್ಲ. ಒಂದು ವಾರ ಇದೇ ಯೋಚನೆ. ಕೊನೆಗೆ ಉತ್ತರ ಸಿಕ್ಕಿದ್ದು ಮನೆಯ ತಾರಸಿಯಲ್ಲಿ. ನೀರಿನ ಟ್ಯಾಂಕಿಗೆ ಪೈಪು ಕೊಡುವಾಗ ಹಾಕುತ್ತಾರಲ್ಲ, ಟ್ಯಾಂಕ್ ನಿಪ್ಪಲ್. ಟ್ಯಾಂಕಿನ ಗೋಡೆಯನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವ, ತಿರುಪು ಇರುವ ತುಂಡು. ಮೇಲಿನ ಮಣೆಯ ಮಧ್ಯೆ ತೂತು ಮಾಡಿ ಒಂದೂವರೆ ಇಂಚಿನ ನಿಪ್ಪಲ್ ಬಿಗಿದೆ. ಅದರ ನಟ್ಟು ಕೆಳಗೆ ಉಬ್ಬುತ್ತದೆ. ಅದಕ್ಕೆ ಜಾಗ ಆಗುವಂತೆ ಎರಡನೆಯ ಮಣೆಯಲ್ಲಿ ದೊಡ್ಡ ದುಂಡು ಕಿಂಡಿ ತೆಗೆದೆ. ನಿಪ್ಪಲ್ಲಿನ ಮೇಲೆ 45 ಡಿಗ್ರಿಯ ಬೆಂಡು, ಬೆಂಡಿಗೆ ಸೀಳು ಬಾಯಿಯ ಪೈಪು. ಬೆಂಡೂ ಪೈಪೂ ಸೇರುವ ಜಾಗಕ್ಕೆ ಅಂಟು ಹಚ್ಚದೆ ಅಡ್ಡ ಬೋಲ್ಟ್ ಕೊಟ್ಟೆ, ಬೇಕಾದಾಗ ಬಿಚ್ಚಿ ಮನೆಗೆ ತರಲು.

ಮೂರು ಮಣೆ, ಮಧ್ಯೆ ಡೆಕ್ಕು, ನಾಲ್ಕು ಮೂಲೆಗೆ ನಾಲ್ಕು 316 ಬೋಲ್ಟ್. ಉದ್ದಕ್ಕೆ ಬೋಲ್ಟುಗಳ ಅಂತರ 12 ಸೆಂ.ಮೀ. ಹಳೆಯ ತೂತುಗಳು ಮಣೆಯ ಅಡಿಗೇ ಮುಚ್ಚಿ ಹೋದವು. ಡೆಕ್ಕಿಗೂ ಮಣೆಗೂ ಮಧ್ಯೆ ಹಳೆಯ ಸೈಕಲ್ ಟ್ಯೂಬ್ ಬಿಡಿಸಿ ಹಾಸಿದೆ. ಸಿಲಿಕೋನ್ ಅಂಟುವ ಭರವಸೆ ಇಲ್ಲ ಅಂತ ಮೊದಲೇ ಗೊತ್ತಾಗಿತ್ತು. ರಬ್ಬರ್ ಅಂಟಬೇಕಾಗಿಲ್ಲ, ಒತ್ತಿ ಕೂತರೆ ಸಾಕು. ನಟ್ಟು ಒಂದೇ ಸಲ ಪೂರ್ತಿ ಬಿಗಿಯಬೇಡಿ. ಪಾಲಿಥೀನ್ ಒತ್ತಡಕ್ಕೆ ನಿಧಾನವಾಗಿ ತಗ್ಗುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ನನ್ನವು ಅರ್ಧ ಸುತ್ತು ಸಡಿಲಾಗಿದ್ದವು. ಇನ್ನೊಮ್ಮೆ ಬಿಗಿದೆ.

ನೀರಿಗಿಳಿಯುವ ಮೊದಲು ಅಂಗಳದಲ್ಲೇ ಪರೀಕ್ಷೆ. ರಾಡು ಬದಲು ಒಂದು ಬಿದಿರಿನ ಗಳ ಹೋಲ್ಡರಿಗೆ ಇಳಿಸಿ, 1.5 ಮೀಟರ್ ದೂರದಲ್ಲಿ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದೆ. 3 ಕೆಜಿ, ಏನೂ ಆಗಲಿಲ್ಲ. 5 ಕೆಜಿಗೆ ಡೆಕ್ಕು ಸ್ವಲ್ಪ ತಗ್ಗಿತು, ಬಿಟ್ಟಾಗ ವಾಪಸ್ ಬಂತು. ಆಮೇಲೆ ಮಣೆಯ ಸುತ್ತ ಬಕೆಟ್ ನೀರು ಸುರಿದು, ಟಾರ್ಚ್ ಹಿಡಿದು ಮುಚ್ಚಳದೊಳಗೆ ಇಣುಕಿದೆ. ಒಣಗಿತ್ತು.

ಇಲ್ಲಿಯವರೆಗೆ ಮುಚ್ಚಿಟ್ಟ ಒಂದು ವಿಷಯ

ಮೊದಲ ರಾಡು ಹೋದದ್ದಕ್ಕೆ ಅಂಟಿನ ಮೇಲೆ ಎಲ್ಲ ತಪ್ಪು ಹೊರಿಸಿದೆ. ಅರ್ಧ ಮಾತ್ರ ನಿಜ. ಆ ಸಂಜೆ ನನ್ನ ರೀಲಿನ ಡ್ರ್ಯಾಗ್ ಪೂರ್ತಿ ಬಿಗಿದಿತ್ತು. ಹಿಂದಿನ ವಾರ ಲೂರ್ ಬೇರಿಗೆ ಸಿಕ್ಕಿದಾಗ ಎಳೆಯಲು ಬಿಗಿದವನು ಸಡಿಲಿಸಲು ಮರೆತಿದ್ದೆ. ಡ್ರ್ಯಾಗ್ ಅಂದರೆ ಮನೆಯ ಕರೆಂಟಿನ ಫ್ಯೂಸ್ ಇದ್ದ ಹಾಗೆ. ಎಳೆತ ಜಾಸ್ತಿಯಾದರೆ ರೀಲು ದಾರ ಬಿಟ್ಟುಕೊಡುತ್ತದೆ, ಹೋಲ್ಡರಿಗೆ ಅದಕ್ಕಿಂತ ಜಾಸ್ತಿ ಭಾರ ಬರುವುದೇ ಇಲ್ಲ. ದಾರದ ಬಲದ ಮೂರನೇ ಒಂದು ಭಾಗಕ್ಕೆ ಇಡುವುದು ವಾಡಿಕೆ. ನನ್ನದು 9 ಕೆಜಿ ದಾರ, ಹಾಗಾಗಿ 3 ಕೆಜಿ. ಮೇಲಿನ ಲೆಕ್ಕದಲ್ಲಿ 3 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ಡ್ರ್ಯಾಗ್ ಬಿಗಿದಿಟ್ಟರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ಈಗ ದಡ ಬಿಡುವ ಮೊದಲು ಅದೇ ತಕ್ಕಡಿಗೆ ದಾರ ಸಿಕ್ಕಿಸಿ ನೋಡಿಯೇ ಹೊರಡುತ್ತೇನೆ.

ರಾಡಿಗೆ ಒಂದು ಕಟ್ಟೂ ಹಾಕಿದ್ದೇನೆ. ಒಂದೂವರೆ ಮಾರು ಸಣ್ಣ ಹಗ್ಗ, ಒಂದು ತುದಿ ರೀಲಿನ ಬುಡಕ್ಕೆ, ಇನ್ನೊಂದು ದೋಣಿಯ ಕೊಂಡಿಗೆ, ಮಧ್ಯೆ ಬೇಗ ಬಿಚ್ಚುವ ಕ್ಲಿಪ್. ದೋಣಿ ಮಗುಚಿದರೆ ಇದೇ ಹಗ್ಗ ಕಾಲಿಗೆ ಸುತ್ತಿಕೊಳ್ಳಬಹುದು. ಅದಕ್ಕೆ ಲೈಫ್ ಜಾಕೆಟ್ಟಿನ ಎದೆಗೆ ಒಂದು ಸಣ್ಣ ಚಾಕು ಇರುತ್ತದೆ.

ನವೆಂಬರಿನಲ್ಲಿ ಹಂಗಾರಕಟ್ಟೆಯ ಕಡೆಯ ದಂಡೆಯಲ್ಲಿ ಹೋಗುವಾಗ ಮುಂದಿನ ರಾಡು ಒಮ್ಮೆಲೇ ಬಿಲ್ಲಿನಂತೆ ಬಾಗಿತು. ರೀಲು ಕಿರ್ರ್ ಅಂತ ದಾರ ಬಿಟ್ಟಿತು. ಮಣೆ ಅಲುಗಲಿಲ್ಲ. ಹುಟ್ಟು ಇಟ್ಟು, ಸೊಂಟ ತಿರುಗಿಸದೆ, ಎರಡೂ ಕೈಯಲ್ಲಿ ರಾಡು ಎತ್ತಿಕೊಂಡೆ. ಕೆಂಬೇರಿ, ಒಂದೂವರೆ ಕೆಜಿಗೆ ಸ್ವಲ್ಪ ಕಮ್ಮಿ. ಅಷ್ಟು ಸಣ್ಣ ಮೀನಿಗೆ ಇಷ್ಟು ಎಂಜಿನಿಯರಿಂಗ್ ಬೇಕಿತ್ತಾ ಅಂತ ಮನೆಯಲ್ಲಿ ಕೇಳಿದರು. ಸಾರು ಮಾತ್ರ ಚೆನ್ನಾಗಿತ್ತು.

ಇನ್ನೂ ಒಂದು ಸಮಸ್ಯೆ ಉಳಿದಿದೆ. ಎಡಗಡೆ ಹುಟ್ಟು ಜೋರಾಗಿ ಹಾಕಿದರೆ ನನ್ನ ಬೆರಳಿನ ಗಂಟು ಹೋಲ್ಡರಿನ ಬಾಯಿಗೆ ತಾಗುತ್ತದೆ. ಒಂದು ಗೇಣು ಮುಂದೆ ಕೂರಿಸಬೇಕಿತ್ತು. ಆದರೆ ಅಲ್ಲಿಗೆ ಒಳಗಿನಿಂದ ಕೈ ಮುಟ್ಟುವುದಿಲ್ಲ. ಸದ್ಯಕ್ಕೆ ಬೆಂಡನ್ನು ಹೊರಕ್ಕೆ ತಿರುಗಿಸಿ, ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ.